ಬಗರ್‌ಹುಕುಂ ಪೌರತ್ವ



‘ಕ್ಯಾಂಪು’ ಎಂಬ ಮಾತಿನಿಂದ ಶುರು ಮಾಡುತ್ತೇನೆ. ಬೇರೆ ಊರುಗಳಲ್ಲಿ ಕ್ಯಾಂಪು ಅಂದರೆ ನಾಲ್ಕು ದಿನ ಇದ್ದು ಗುಡಾರ ಕಿತ್ತುಕೊಂಡು ಹೋಗುವಂಥದ್ದು. ಕಣ್ಣಿನ ಕ್ಯಾಂಪು, ರಕ್ತದಾನದ ಕ್ಯಾಂಪು. ನಮ್ಮ ಸಿಂಧನೂರು ಸೀಮೆಯಲ್ಲಿ ಕ್ಯಾಂಪು ಅಂದರೆ ಊರು. ಅಲ್ಲಿ ಗುಡಿ ಇದೆ, ಶಾಲೆ ಇದೆ, ಸುಡುಗಾಡು ಇದೆ. ತಂದೆ ತಾಯಿಯನ್ನು ಮಣ್ಣು ಮಾಡಿದ ಜಾಗವನ್ನು ತಾತ್ಕಾಲಿಕ ಎಂದು ಯಾರೂ ಕರೆಯುವುದಿಲ್ಲ.

ಈ ಕ್ಯಾಂಪುಗಳಲ್ಲಿ ಎರಡು ಬಗೆ ಇರುವುದು ನಿಮಗೆಲ್ಲ ಗೊತ್ತು. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಗೋದಾವರಿ, ಕೃಷ್ಣಾ ತೀರದ ತೆಲುಗು ರೈತರು ಇಲ್ಲಿ ಒಣಭೂಮಿ ಕೊಂಡರು, ಮಟ್ಟ ಮಾಡಿದರು, ಬದು ಕಟ್ಟಿದರು, ಜೋಳದ ಹೊಲಗಳನ್ನು ಗದ್ದೆ ಮಾಡಿದರು. ಅವರು ಇಳಿದ ತಾವುಗಳಿಗೆ ಕ್ಯಾಂಪು ಎಂಬ ಹೆಸರು ಅಂಟಿತು. ಇನ್ನೊಂದು ಬಗೆ ಆರ್.ಎಚ್. ಕ್ಯಾಂಪುಗಳದ್ದು. 1960ರ ದಶಕದ ಕೊನೆಗೆ, 70ರ ದಶಕದ ಮೊದಲಿಗೆ, ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳನ್ನು ಭಾರತ ಸರಕಾರವೇ ಕರೆತಂದು ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಹಾಕಿಸಿತು. ಪಶ್ಚಿಮ ಬಂಗಾಳದಲ್ಲಿ ಜಾಗ ಸಾಲದೆ ನಿರಾಶ್ರಿತರನ್ನು ದಂಡಕಾರಣ್ಯಕ್ಕೆ, ಅಂಡಮಾನಿಗೆ ಹಂಚಿದ ಕಾಲ ಅದು. ಆ ಹಂಚಿಕೆಯಲ್ಲಿ ನಮ್ಮ ಪಾಲಿಗೂ ಒಂದಿಷ್ಟು ಜನ ಬಂದರು. ಹೆಚ್ಚಿನವರು ನಾಮಶೂದ್ರರು. ಮೀನು, ದೋಣಿ, ಹೊಳೆಗಳ ನಾಡಿನವರನ್ನು ಎರೆಭೂಮಿಯ ಬಿಸಿಲಿಗೆ ತಂದು ಬಿಟ್ಟರು. ಅವರು ಕಾಲುವೆಯ ಪಕ್ಕ ಕೆರೆ ತೋಡಿ ಮೀನು ಸಾಕಿದರು, ಭತ್ತ ಬೆಳೆದರು, ಶರತ್ಕಾಲದಲ್ಲಿ ದುರ್ಗೆಯ ಮೂರ್ತಿ ಮಾಡಿ ಕೂರಿಸಿದರು. ಇವತ್ತು ನಮ್ಮ ದಸರೆಯೂ ಅವರ ಪೂಜೆಯೂ ಒಂದೇ ವಾರದ ಸಡಗರ.

ಒಂದೇ ಕಾಲುವೆಯ ನೀರು ಕುಡಿದು ಬೆಳೆದ ಈ ಎರಡು ಬಗೆಯ ಕ್ಯಾಂಪುಗಳ ಮಕ್ಕಳಲ್ಲಿ ಒಬ್ಬರನ್ನು ಯಾರೂ ಕಾಗದ ಕೇಳುವುದಿಲ್ಲ. ಇನ್ನೊಬ್ಬರು ಅರ್ಧ ಶತಮಾನವಾದರೂ ಕಾಗದ ತೋರಿಸುತ್ತಲೇ ಇದ್ದಾರೆ. ದೀರ್ಘಕಾಲ ನೆಲೆನಿಂತವರ ಪೌರತ್ವವನ್ನು ಕಿತ್ತುಕೊಳ್ಳುವುದು, ಇಲ್ಲವೆ ಅದನ್ನು ಎಂದೂ ಮುಗಿಯದ ಅನುಮಾನದಲ್ಲಿ ಇಡುವುದು ನ್ಯಾಯವೆ? ಇವತ್ತು ನಾನು ಕೇಳಬೇಕೆಂದಿರುವುದು ಇದನ್ನೇ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಯವಲ್ಲ. ಬಾಳಿದ ಕಾಲವೇ ಒಂದು ಹಕ್ಕು. ಆ ಹಕ್ಕನ್ನು ಈ ಸೀಮೆಯ ರೈತರಿಗೆ ನಾನು ಹೊಸದಾಗಿ ಪರಿಚಯಿಸಬೇಕಿಲ್ಲ. ನಮ್ಮ ತಹಸೀಲು ಕಚೇರಿಗಳಲ್ಲಿ ಅದಕ್ಕೆ ಹೆಸರಿದೆ: ಬಗರ್‌ಹುಕುಂ.

ಹುಕುಂ ಇಲ್ಲದೆ ಸರಕಾರಿ ಭೂಮಿಯಲ್ಲಿ ಉಳುಮೆ ಮಾಡಿದವನು ಕಾಗದದ ಲೆಕ್ಕದಲ್ಲಿ ಅತಿಕ್ರಮಣಕಾರ. ಆದರೂ ಕರ್ನಾಟಕ ಏನು ಮಾಡಿತು? ಫಾರಂ 50 ತಂದಿತು, ಆಮೇಲೆ 53, ಆಮೇಲೆ 57. ಇಂತಿಷ್ಟು ವರ್ಷ ಉತ್ತು ಬಿತ್ತಿದ್ದರೆ, ಬೇರೆ ಭೂಮಿ ಇಲ್ಲದಿದ್ದರೆ ಇಲ್ಲವೆ ಅಲ್ಪಸ್ವಲ್ಪವೇ ಇದ್ದರೆ, ಆ ನೆಲ ಅವನದೇ ಎಂದು ಭೂಕಂದಾಯ ಕಾಯ್ದೆಗೇ ತಿದ್ದುಪಡಿ ತಂದಿತು. ಖಾಸಗಿ ಜಮೀನಿನ ಮಾತು ಬಂದರೆ 1963ರ ಕಾಲಮಿತಿ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ಒಬ್ಬರ ಹೊಲವನ್ನು ಇನ್ನೊಬ್ಬರು ಎಲ್ಲರಿಗೂ ಕಾಣುವಂತೆ ಹನ್ನೆರಡು ವರ್ಷ ಸ್ವಾಧೀನದಲ್ಲಿ ಇಟ್ಟುಕೊಂಡರೆ ಮೂಲ ಮಾಲೀಕ ಬಿಡಿಸಿಕೊಳ್ಳುವ ಹಕ್ಕನ್ನೇ ಕಳೆದುಕೊಳ್ಳಬಹುದು. ಸರಕಾರದ ಆಸ್ತಿಗೆ ಆ ಮಿತಿ ಮೂವತ್ತು ವರ್ಷ. ಇದರ ಹಿಂದಿರುವ ತಿಳಿವಳಿಕೆ ಸರಳ. ಕೇಳಬೇಕಾದವನು ಕೇಳಬೇಕಾದ ಹೊತ್ತಿನಲ್ಲಿ ಕೇಳಲಿಲ್ಲ. ಇನ್ನೊಬ್ಬ ಆ ನೆಲದ ಮೇಲೆ ತನ್ನ ಬಾಳು ಕಟ್ಟಿಕೊಂಡ. ಈಗ ಅದನ್ನು ಕೆಡವಿದರೆ ಆಗುವ ಅನ್ಯಾಯ ಹಳೆಯ ಅನ್ಯಾಯಕ್ಕಿಂತ ದೊಡ್ಡದು. ಎರಡು ಎಕರೆ ಜಮೀನಿಗೆ ಒಪ್ಪಿದ ಈ ತರ್ಕವನ್ನು ಒಬ್ಬ ಮನುಷ್ಯನ ಐವತ್ತು ವರ್ಷಕ್ಕೆ ಒಪ್ಪದಿರಲು ಕಾರಣ ಏನಿದೆ?

ಇಷ್ಟಕ್ಕೂ ಆರ್.ಎಚ್. ಕ್ಯಾಂಪಿನ ಮೊದಲ ತಲೆಮಾರು ಹುಕುಂ ಇಲ್ಲದೆ ಬಂದವರಲ್ಲ. ಹುಕುಂ ಕೊಟ್ಟದ್ದೇ ಸರಕಾರ. ನೆಲ ಕೊಟ್ಟಿತು, ಮನೆ ಕೊಟ್ಟಿತು, ಪಡಿತರ ಕೊಟ್ಟಿತು, ಮುಂದೆ ಮತದಾರರ ಪಟ್ಟಿಯಲ್ಲಿ ಹೆಸರನ್ನೂ ಬರೆಯಿತು. ಅವರ ಬೆನ್ನ ಹಿಂದೆ ಅಣ್ಣ, ತಂಗಿ, ಬೀಗರು ಎಂದು ಆಮೇಲೆ ಬಂದು ಸೇರಿದವರು ಇದ್ದಾರೆ. ಮೊದಲು ಬಂದವರ ಕಾಗದ ಬೇರೆ, ಆಮೇಲೆ ಬಂದವರ ಕಾಗದ ಬೇರೆ. 1971ರ ಮಾರ್ಚ್ 25 ಎಂಬ ಗೆರೆಯ ಆಚೆಗೆ ಬಂದವರನ್ನು ವಾಪಸು ಹೋಗಬೇಕಾದವರೆಂದು ದೆಹಲಿ ಎಣಿಸಿತು. ಬಾಂಗ್ಲಾದೇಶ ಹುಟ್ಟಿದ ಮೇಲೆ ನಿರಾಶ್ರಿತರು ಯಾಕಿರಬೇಕು ಎಂಬುದು ಆಗಿನ ವಾದ. ಹೀಗೆ ಒಂದೇ ಕ್ಯಾಂಪಿನ ಒಂದೇ ಓಣಿಯಲ್ಲಿ ಪೌರರೂ ಇದ್ದಾರೆ, ಕಾನೂನಿನ ಕಣ್ಣಿಗೆ ಕಾಣದವರೂ ಇದ್ದಾರೆ.

ಓಣಿ ಯಾಕೆ, ಒಂದೇ ಮನೆಯಲ್ಲಿ ಇರಬಹುದು. ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. 1978ರಲ್ಲಿ ಗಂಡ ಹೆಂಡತಿ ಕಾಗದವಿಲ್ಲದೆ ಗಡಿ ದಾಟಿ, ಸಂಬಂಧಿಕರು ಇರುವ ಸಿಂಧನೂರಿನ ಕ್ಯಾಂಪಿಗೆ ಬಂದರು. ಕಂಕುಳಲ್ಲಿ ಮೂರು ವರ್ಷದ ಮಗಳು. 1982ರಲ್ಲಿ ಇಲ್ಲೇ ಮಗ ಹುಟ್ಟಿದ. 1989ರಲ್ಲಿ ಇನ್ನೊಬ್ಬ ಮಗ. ಮೂವರೂ ಒಂದೇ ಕನ್ನಡ ಶಾಲೆಗೆ ಹೋದರು, ಒಂದೇ ಕಾಲುವೆಯಲ್ಲಿ ಈಜಿದರು. 1955ರ ಪೌರತ್ವ ಕಾಯ್ದೆ ಈ ಮೂವರನ್ನು ಬೇರೆ ಬೇರೆ ಮಾಡುತ್ತದೆ. ಮಗಳು ವಿದೇಶಿ, 2019ರ ತಿದ್ದುಪಡಿಗೆ ಮುಂಚಿನ ಲೆಕ್ಕದಲ್ಲಿ ಅಕ್ರಮ ವಲಸೆಗಾರ್ತಿ. ಕಂಕುಳಲ್ಲಿ ಕೂತು ಬಂದದ್ದೇ ಅವಳ ತಪ್ಪು. ದೊಡ್ಡ ಮಗ ಹುಟ್ಟಿನಿಂದಲೇ ಭಾರತೀಯ, ಯಾಕೆಂದರೆ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಈ ನೆಲದಲ್ಲಿ ಹುಟ್ಟಿದವರಿಗೆ ತಂದೆ ತಾಯಿಯ ಕಾಗದ ಕೇಳುವ ಕ್ರಮ ಇಲ್ಲ. ಚಿಕ್ಕವನು ಹುಟ್ಟುವ ಹೊತ್ತಿಗೆ ಆ ಬಾಗಿಲು ಮುಚ್ಚಿತ್ತು. ತಂದೆ ತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕು ಎಂಬ ನಿಯಮ ಬಂದಿತ್ತು. ಅವನು ಎಲ್ಲಿಯವನೂ ಅಲ್ಲ. ಇನ್ನು ದೊಡ್ಡ ಮಗ ಹಾಗೆಯೇ ಗಡಿ ದಾಟಿ ಬಂದ ಹುಡುಗಿಯನ್ನು ಮದುವೆಯಾಗಿ, 2006ರಲ್ಲಿ ಮಗು ಹುಟ್ಟಿತು ಅನ್ನಿ. ಆ ಹೊತ್ತಿನ ಕಾನೂನಿನಂತೆ, 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದ ಮಗುವಿಗೆ ತಂದೆ ಭಾರತೀಯನಾದರೂ ಸಾಲದು, ತಾಯಿ ಅಕ್ರಮ ವಲಸೆಗಾರ್ತಿಯಾಗಿರಬಾರದು. ತಂದೆ ಈ ದೇಶದವನು, ಮಗು ಅಲ್ಲ. ಆ ಮನೆಯ ಯಜಮಾನಿ ಒಂದೇ ಒಲೆಯ ಮೇಲೆ ಎಲ್ಲರಿಗೂ ಅನ್ನ ಮಾಡುತ್ತಾಳೆ.

ಮಗಳ ಮಾತು ನನ್ನನ್ನು ಬಿಡುವುದಿಲ್ಲ. ಐವತ್ತರ ಹತ್ತಿರ ಬಂದ ಹೆಂಗಸು. ಅವಳಿಗೆ ನೆನಪಿರುವ ಮೊದಲ ಮಳೆ ಸಿಂಧನೂರಿನದು. ಅವಳು ವಾಪಸು ಹೋಗಬೇಕೆಂದರೆ ಯಾವ ಊರಿಗೆ ಹೋಗಬೇಕು? ಅವಳ ಬಂಗಾಳಿಯಲ್ಲಿ ರಾಯಚೂರಿನ ಕನ್ನಡ ಬೆರೆತಿದೆ. ಅಲ್ಲಿ ಅವಳನ್ನು ಗುರುತಿಸುವವರು ಒಬ್ಬರೂ ಇಲ್ಲ.

2019ರ ಡಿಸೆಂಬರ್ 12ರಂದು ಪೌರತ್ವ ತಿದ್ದುಪಡಿ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಬಂದದ್ದು 2024ರ ಮಾರ್ಚ್ 11ಕ್ಕೆ. ಅದೇ ವರ್ಷದ ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪಿನ ಐವರಿಗೆ ಪೌರತ್ವದ ಪ್ರಮಾಣಪತ್ರ ಸಿಕ್ಕಿತು. ಈ ಕಾಯ್ದೆಯಡಿ ಕರ್ನಾಟಕದಲ್ಲಿ ಪೌರತ್ವ ಪಡೆದ ಮೊದಲಿಗರು ಅವರೇ ಎಂದು ಪತ್ರಿಕೆಗಳು ಬರೆದವು. ಆ ಐವರ ಸಂತೋಷ ನನ್ನ ಸಂತೋಷವೂ ಹೌದು. ಇಷ್ಟು ವರ್ಷ ಕಾದವರ ಕೈಗೆ ಒಂದು ಕಾಗದ ಬಂದರೆ ಅದನ್ನು ಹಗುರಾಗಿ ಕಾಣಬಾರದು.

ಆದರೆ ಆ ಕಾಗದವನ್ನು ಬಿಡಿಸಿ ಓದಬೇಕು. ಅರ್ಜಿ ಹಾಕುವವರು ತಾವು ಬಾಂಗ್ಲಾದೇಶದಿಂದ ಬಂದವರೆಂದು ಮೊದಲು ಬರೆದುಕೊಡಬೇಕು. ಅಂಚೆ ಇಲಾಖೆಯ ಅಧೀಕ್ಷಕರು ಮುಖ್ಯಸ್ಥರಾಗಿರುವ ಜಿಲ್ಲಾ ಸಮಿತಿ ಅದನ್ನು ನೋಡುತ್ತದೆ, ಜನಗಣತಿ ನಿರ್ದೇಶಕರು ಮುಖ್ಯಸ್ಥರಾಗಿರುವ ಮೇಲಿನ ಸಮಿತಿ ತೀರ್ಮಾನಿಸುತ್ತದೆ. ಸಿಗುವುದು ನೋಂದಣಿಯ ಇಲ್ಲವೆ ದೇಶೀಕರಣದ ಪೌರತ್ವ. ಇಂಥ ಪೌರತ್ವಕ್ಕೂ ಹುಟ್ಟಿನ ಪೌರತ್ವಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಹುಟ್ಟಿನಿಂದ ಬಂದದ್ದನ್ನು ಸರಕಾರ ಕಿತ್ತುಕೊಳ್ಳಲು ಬರುವುದಿಲ್ಲ. ದೇಶೀಕರಣದ್ದನ್ನೂ ನೋಂದಣಿಯ ಹಲವು ಬಗೆಗಳನ್ನೂ ಕಾಯ್ದೆಯ 10ನೇ ಕಲಮಿನಡಿ ಕಿತ್ತುಕೊಳ್ಳಬಹುದು. ವಂಚನೆ, ಸುಳ್ಳು ಹೇಳಿಕೆ, ವಿಷಯ ಮುಚ್ಚಿಟ್ಟದ್ದು, ಸಂವಿಧಾನಕ್ಕೆ ನಿಷ್ಠೆ ಇಲ್ಲದ್ದು, ಯುದ್ಧದಲ್ಲಿ ಶತ್ರುವಿಗೆ ನೆರವಾದದ್ದು, ಏಳು ವರ್ಷ ಸತತವಾಗಿ ಹೊರದೇಶದಲ್ಲಿ ಇದ್ದದ್ದು ಎಂದು ಅಲ್ಲಿ ಕಾರಣಗಳಿವೆ.

ಈ ಒಂದು ಅಂಶ ನಮ್ಮ ಕ್ಯಾಂಪುಗಳಲ್ಲಿ ಮನೆಮನೆಗೆ ತಲುಪಬೇಕಿತ್ತು. ನಮ್ಮ ಕಲ್ಪನೆಯ ಮನೆಯ ದೊಡ್ಡ ಮಗ, 1982ರಲ್ಲಿ ಹುಟ್ಟಿದವನು, ಭಯಕ್ಕೆ ಬಿದ್ದು ಈ ಅರ್ಜಿ ತುಂಬಿದ ಅನ್ನಿ. ಅವನು ಆಗಲೇ ಭಾರತೀಯ. ಯಾರೂ ಕಿತ್ತುಕೊಳ್ಳಲಾಗದ ಪೌರತ್ವ ಅವನದು. ಅರ್ಜಿಯಲ್ಲಿ ತಾನು ವಿದೇಶಿ ಎಂದು ಬರೆದು, ಕಿತ್ತುಕೊಳ್ಳಬಹುದಾದ ಪೌರತ್ವವನ್ನು ಬೇಡಿ ಪಡೆಯುತ್ತಾನೆ. ಪಟ್ಟಾ ಜಮೀನಿನ ಒಡೆಯನೇ ಸರಕಾರಕ್ಕೆ ಬಗರ್‌ಹುಕುಂ ಅರ್ಜಿ ಕೊಟ್ಟ ಹಾಗೆ ಇದು.

ಇದು ನನ್ನ ಊಹೆಯ ಕಾನೂನಲ್ಲ. ಟಿಬೆಟನ್ನರ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಬೈಲಕುಪ್ಪೆ, ಮುಂಡಗೋಡುಗಳಲ್ಲಿ ಹುಟ್ಟಿ ಬೆಳೆದವರನ್ನು ಕಚೇರಿಗಳು ವಿದೇಶಿಯರೆಂದೇ ನೋಂದಾಯಿಸುತ್ತಿದ್ದವು. 2010ರ ಡಿಸೆಂಬರಿನಲ್ಲಿ ನಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ಒಬ್ಬ ಟಿಬೆಟನ್ ಗುರುಗಳ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು, 1987ರ ಗೆರೆಗಿಂತ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂದವು. 2014ರಲ್ಲಿ ಚುನಾವಣಾ ಆಯೋಗ ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು. ಅದೇ ಕಾಯ್ದೆ ಸಿಂಧನೂರಿಗೂ ಅನ್ವಯಿಸುತ್ತದೆ.

ಕೆಲವು ಹಿರಿಯರು ಇಲ್ಲಿ ಒಂದು ಮಾತು ಎತ್ತುವುದುಂಟು. ಸುಳ್ಳು ಹೇಳಿ ಪೌರತ್ವ ಪಡೆದವನನ್ನು ಹಾಗೇ ಬಿಡಬೇಕೆ? ಪ್ರಶ್ನೆ ಗಟ್ಟಿಯಾದದ್ದು. ಬಿಡಬೇಕಿಲ್ಲ. ಆದರೆ 10ನೇ ಕಲಮನ್ನು ಪೂರ್ತಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಪೌರತ್ವ ಪಡೆದವನಿಗೆ ಎರಡು ವರ್ಷಕ್ಕೆ ಕಡಿಮೆ ಇಲ್ಲದ ಜೈಲು ಶಿಕ್ಷೆ ಆದರೆ ಪೌರತ್ವ ತೆಗೆಯಬಹುದು, ಆದರೆ ಆ ಶಿಕ್ಷೆ ಪೌರತ್ವ ಸಿಕ್ಕ ಐದು ವರ್ಷದೊಳಗೆ ಆಗಿರಬೇಕು. ಐದು ವರ್ಷ ದಾಟಿದ ಮೇಲೆ ಅವನು ನಮ್ಮವನೇ, ತಪ್ಪು ಮಾಡಿದರೆ ನಮ್ಮ ಜೈಲಿನಲ್ಲೇ ಇರಲಿ ಎಂಬುದು ಅದರ ಧೋರಣೆ. ಇಷ್ಟು ವಿವೇಕ ತೋರಿದ ಕಲಮು ಅರ್ಜಿಯ ಸುಳ್ಳಿನ ವಿಷಯಕ್ಕೆ ಬಂದಾಗ ಯಾವ ಗಡುವನ್ನೂ ಹಾಕಿಲ್ಲ. ಕೊಲೆಗಾರನ ಪೌರತ್ವ ಆರನೆಯ ವರ್ಷಕ್ಕೆ ಭದ್ರ, ಅರ್ಜಿಯಲ್ಲಿ ಒಂದು ತಾರೀಕು ಸುಳ್ಳು ಬರೆದವನ ಪೌರತ್ವ ಅರವತ್ತನೆಯ ವರ್ಷಕ್ಕೂ ಅಭದ್ರ. ಇದನ್ನು ಬದಲಿಸಬೇಕು. ವಂಚನೆ ಹುಡುಕಲು ಸರಕಾರಕ್ಕೆ ಹತ್ತು ವರ್ಷ ಸಾಕು. ಹತ್ತು ವರ್ಷದಲ್ಲಿ ಕಾಣದ ಸುಳ್ಳನ್ನು ಮೊಮ್ಮಕ್ಕಳ ಕಾಲಕ್ಕೆ ಕೆದಕಬಾರದು.

ನೆರೆಯ ತೆಲಂಗಾಣದ ಒಂದು ಪ್ರಕರಣ ನೆನಪಿಸುತ್ತೇನೆ. ವೇಮುಲವಾಡದ ಶಾಸಕರಾಗಿದ್ದ ಚೆನ್ನಮನೇನಿ ರಮೇಶ್ 1993ರಲ್ಲಿ ಜರ್ಮನಿಯ ಪೌರರಾಗಿದ್ದವರು. ಮರಳಿ ಬಂದು 2009ರಲ್ಲಿ ಭಾರತದ ಪೌರತ್ವ ಪಡೆದರು. ಅರ್ಜಿಗೆ ಮುಂಚಿನ ಹನ್ನೆರಡು ತಿಂಗಳಲ್ಲಿ ಹೊರದೇಶಕ್ಕೆ ಹೋಗಿಬಂದದ್ದನ್ನು ಮುಚ್ಚಿಟ್ಟರು ಎಂದು ಗೃಹ ಸಚಿವಾಲಯ 2017ರಲ್ಲಿ ಅದನ್ನು ರದ್ದು ಮಾಡಿತು. ಹೈಕೋರ್ಟು ಮತ್ತೆ ಯೋಚಿಸಿ ಎಂದಿತು, 2019ರಲ್ಲಿ ಮತ್ತೆ ರದ್ದಾಯಿತು, 2024ರ ಡಿಸೆಂಬರಿನಲ್ಲಿ ಹೈಕೋರ್ಟು ರದ್ದನ್ನು ಎತ್ತಿ ಹಿಡಿದು 30 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಆ ತೀರ್ಪಿನ ಸರಿ ತಪ್ಪು ಇವತ್ತಿನ ವಿಷಯವಲ್ಲ. ನನಗೆ ಮುಖ್ಯವಾದದ್ದು ಅವರಿಗೆ ಸಿಕ್ಕ ದಾರಿ. ನೋಟಿಸು, ವಿಚಾರಣಾ ಸಮಿತಿ, ವಕೀಲರು, ಹೈಕೋರ್ಟು. ಪೌರತ್ವ ತೆಗೆಯುವುದು ಸಾರ್ವಜನಿಕ ಹಿತಕ್ಕೆ ಬೇಕೇ ಎಂದು ಸರಕಾರ ಯೋಚಿಸಲೇಬೇಕೆಂಬ ಕಾನೂನಿನ ಕಟ್ಟು. ಎಷ್ಟೋ ವರ್ಷಗಳ ಕಾಲಾವಕಾಶ. ನಮ್ಮ ಕ್ಯಾಂಪಿನ ಹೆಣ್ಣುಮಗಳಿಗೆ ಇದಾವುದೂ ಸುಲಭವಾಗಿ ಸಿಗುವುದಿಲ್ಲ. ವಿದೇಶಿ ಎಂಬ ಅನುಮಾನ ಬಂದರೆ ತಾನು ವಿದೇಶಿಯಲ್ಲ ಎಂದು ತೋರಿಸುವ ಹೊರೆ ಅವಳದೇ. 1946ರ ವಿದೇಶಿಯರ ಕಾಯ್ದೆಯಲ್ಲಿ ಹಾಗಿತ್ತು, ಅದರ ಜಾಗಕ್ಕೆ 2025ರಲ್ಲಿ ಬಂದ ಹೊಸ ಕಾಯ್ದೆಯಲ್ಲೂ ಹಾಗೇ ಇದೆ. ಅಸ್ಸಾಮಿನ ಮಹಮ್ಮದ್ ರಹೀಮ್ ಅಲಿ ಎಂಬವರನ್ನು ನ್ಯಾಯಮಂಡಳಿ 2012ರಲ್ಲಿ ವಿದೇಶಿ ಎಂದು ಸಾರಿತು. ಮುಂದೆ ಮರುವಿಚಾರಣೆಯಲ್ಲಿ ಹೆಸರಿನ ಕಾಗುಣಿತ, ತಾರೀಕುಗಳ ಸಣ್ಣ ವ್ಯತ್ಯಾಸಗಳೇ ಅವರಿಗೆ ಮುಳುವಾದವು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅವರು ಭಾರತೀಯರೇ ಎಂದಿತು. ಯಾರನ್ನೋ ಹಿಡಿದು ನೀನು ವಿದೇಶಿಯಲ್ಲ ಎಂದು ತೋರಿಸು ಎನ್ನಲು ಬರುವುದಿಲ್ಲ, ಮೊದಲು ಸರಕಾರದ ಕೈಯಲ್ಲಿ ಏನಾದರೂ ಆಧಾರ ಇರಬೇಕು ಎಂದಿತು. ತೀರ್ಪು ಬರುವ ಮುಂಚೆಯೇ ಅವರು ತೀರಿಕೊಂಡಿದ್ದರು.

ಇನ್ನು ಸ್ವಲ್ಪ ದೂರ ಹೋಗೋಣ, ಯಾಕೆಂದರೆ ಈ ಪ್ರಶ್ನೆಯನ್ನು ಒಂದು ಕಾಲದಲ್ಲಿ ನಮ್ಮವರೇ ಇನ್ನೊಬ್ಬರ ನ್ಯಾಯಾಲಯದಲ್ಲಿ ಕೇಳಿದ್ದರು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿನ ಸಿಖ್ಖರ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಥಿಂಡ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ತೀರ್ಪು ಬಂದದ್ದೇ ತಡ, ಅದಾಗಲೇ ಪೌರತ್ವ ಪಡೆದಿದ್ದ ಭಾರತೀಯರ ಕಾಗದಗಳನ್ನು ಅಲ್ಲಿಯ ಸರಕಾರ ಒಂದೊಂದಾಗಿ ರದ್ದು ಮಾಡತೊಡಗಿತು. ವೈಷ್ಣೋ ದಾಸ್ ಬಗಾಯಿ ಎಂಬವರು 1915ರಲ್ಲಿ ಹೆಂಡತಿ ಮಕ್ಕಳೊಡನೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ವ್ಯಾಪಾರ ಮಾಡಿಕೊಂಡು, ಅಲ್ಲಿಯ ಪೌರರೂ ಆಗಿದ್ದರು. ಪೌರತ್ವ ಹೋಯಿತು. 1928ರಲ್ಲಿ ಜೀವ ಕಳೆದುಕೊಂಡರು.

ಅದೇ ಅಲೆಯಲ್ಲಿ ಲಾಸ್ ಏಂಜಲೀಸಿನ ವಕೀಲ ಸಖಾರಾಮ್ ಗಣೇಶ ಪಂಡಿತರ ಮೇಲೂ ಸರಕಾರ ದಾವೆ ಹೂಡಿತು. ಅವರು 1914ರಲ್ಲಿ ಪೌರರಾದವರು. ನ್ಯಾಯಾಲಯದಲ್ಲಿ ಪಂಡಿತರು ತಾವು ಬಿಳಿಯರೆಂದು ವಾದ ಹೂಡುತ್ತ ಕೂರಲಿಲ್ಲ. ನಾನು ಬಿಳಿಯನೋ ಅಲ್ಲವೋ ಎಂಬ ಪ್ರಶ್ನೆಯನ್ನು 1914ರಲ್ಲೇ ನಿಮ್ಮ ನ್ಯಾಯಾಲಯ ತೀರ್ಮಾನಿಸಿತ್ತು, ನೀವು ಮೇಲ್ಮನವಿ ಹೋಗಲಿಲ್ಲ, ನಿಮ್ಮ ಮಾತನ್ನು ನಂಬಿ ನಾನು ಇಲ್ಲಿ ಮದುವೆಯಾದೆ, ವೃತ್ತಿ ಕಟ್ಟಿದೆ, ನನ್ನ ಹಿಂದಿನ ನೆಲೆಯನ್ನು ಬಿಟ್ಟುಕೊಟ್ಟೆ ಎಂಬುದು ಅವರ ವಾದದ ತಿರುಳು. ಅವರ ಹೆಂಡತಿ ಅಮೆರಿಕದಲ್ಲೇ ಹುಟ್ಟಿದವರು. ಗಂಡನ ಪೌರತ್ವ ಹೋದರೆ ಆಗಿನ ಕಾನೂನಿನಂತೆ ಹೆಂಡತಿಯದಕ್ಕೂ ಕುತ್ತು. 1926ರಲ್ಲಿ ಮೇಲಿನ ನ್ಯಾಯಾಲಯ ಪಂಡಿತರ ಪರ ನಿಂತಿತು. ಸುಪ್ರೀಂ ಕೋರ್ಟು 1927ರಲ್ಲಿ ಸರಕಾರದ ಅರ್ಜಿಯನ್ನು ತೆಗೆದುಕೊಳ್ಳಲಿಲ್ಲ. ಉಳಿದ ಭಾರತೀಯರ ಮೇಲಿದ್ದ ದಾವೆಗಳನ್ನು ಸರಕಾರ ಕೈಬಿಟ್ಟಿತು. ಬಗರ್‌ಹುಕುಂ ತರ್ಕವನ್ನು, ಆ ಹೆಸರು ಗೊತ್ತಿಲ್ಲದೆ, ಒಬ್ಬ ಭಾರತೀಯ ವಕೀಲರು ಕ್ಯಾಲಿಫೋರ್ನಿಯಾದಲ್ಲಿ ಗೆಲ್ಲಿಸಿದ್ದರು.

ಹಾಗೆ ಗೆಲ್ಲದವರೂ ನಮ್ಮ ನಾಡಿನಲ್ಲೇ ಇದ್ದಾರೆ. ಸುಳ್ಯದ ಕಡೆ ಹೋಗಿಬಂದವರಿಗೆ ಅಲ್ಲಿಯ ರಬ್ಬರ್ ತೋಟಗಳಲ್ಲಿ ತಮಿಳು ಮಾತಾಡುವ ಕುಟುಂಬಗಳು ಕಂಡಿರುತ್ತವೆ. ಅವರ ಅಜ್ಜ ಮುತ್ತಜ್ಜಂದಿರು ಸಿಲೋನಿನ ಚಹಾ ಗುಡ್ಡಗಳಲ್ಲಿ ತಲೆಮಾರುಗಳ ಕಾಲ ದುಡಿದವರು. 1948ರಲ್ಲಿ ಹೊಸ ದೇಶ ಬಂದ ಕೂಡಲೇ ಮಾಡಿದ ಪೌರತ್ವ ಕಾಯ್ದೆಯಿಂದ ಅವರು ರಾತ್ರೋರಾತ್ರಿ ಯಾರೂ ಅಲ್ಲದವರಾದರು. 1964ರ ಅಕ್ಟೋಬರಿನಲ್ಲಿ ಸಿಲೋನಿನ ಪ್ರಧಾನಿ ಸಿರಿಮಾವೋ ಮತ್ತು ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಒಪ್ಪಂದ ಮಾಡಿಕೊಂಡರು. 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ, ಉಳಿದ ಒಂದೂವರೆ ಲಕ್ಷ ಆಮೇಲೆ ನೋಡೋಣ. ದಂಟಿನ ಸೂಡು ಎಣಿಸಿದ ಹಾಗೆ ಮನುಷ್ಯರನ್ನು ಎಣಿಸಿ ಹಂಚಿದರು. ಹೋಗಬೇಕಾದವರನ್ನು ಯಾರೂ ಕೇಳಲಿಲ್ಲ. ಅಲ್ಲಿ ಉಳಿದವರಿಗೆ ಪೂರ್ತಿ ಪೌರತ್ವ ಕೊಡುವ ಕಾನೂನು ಶ್ರೀಲಂಕೆಯಲ್ಲಿ ಬಂದದ್ದು 2003ರಲ್ಲಿ. ತಪ್ಪು ಒಪ್ಪಿಕೊಳ್ಳಲು ಐವತ್ತೈದು ವರ್ಷ ಹಿಡಿಯಿತು.

ನಮ್ಮ ಸಂವಿಧಾನ ಬರೆದವರಿಗೆ ಈ ಅಪಾಯ ಗೊತ್ತಿತ್ತು. ವಿಭಜನೆಯ ಬೆಂಕಿ ಆರುವ ಮುಂಚೆಯೇ ಅವರು 5ನೇ ವಿಧಿ ಬರೆದರು. ಈ ನೆಲವನ್ನು ನೆಲೆ ಮಾಡಿಕೊಂಡು, ಸಂವಿಧಾನ ಜಾರಿಗೆ ಬರುವ ಮುಂಚೆ ಐದು ವರ್ಷ ಇಲ್ಲಿ ವಾಸವಾಗಿದ್ದರೆ ಸಾಕು, ಅವರು ಪೌರರು. ಹುಟ್ಟಿದ್ದು ಎಲ್ಲಿ ಎಂದು ಕೂಡ ಕೇಳಬೇಕಿಲ್ಲ. ಈ ಸಭೆಯಲ್ಲಿರುವ ನಮ್ಮಲ್ಲಿ ಹೆಚ್ಚಿನವರ ಅಜ್ಜ ಅಜ್ಜಿಯರು ಭಾರತೀಯರಾದದ್ದು ಈ ವಿಧಿಯಿಂದಲೇ, ಒಂದು ಅರ್ಜಿಯನ್ನೂ ಬರೆಯದೆ. ಲಿಂಗಸುಗೂರಿನಲ್ಲಿ 1930ರಲ್ಲಿ ಹುಟ್ಟಿದ ಒಬ್ಬ ರೈತ ನಿಜಾಮನ ಪ್ರಜೆಯಾಗಿದ್ದ. 1948ರ ಸೆಪ್ಟೆಂಬರ್ 17ರ ನಂತರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ಕ್ಕೆ ಅವನು ಮೈಸೂರು ರಾಜ್ಯದವನಾದ, 1973ಕ್ಕೆ ಕರ್ನಾಟಕದವನಾದ. ಅವನ ಮುತ್ತಜ್ಜನ ಕಾಲದಲ್ಲಿ, 1853ರಿಂದ 1860ರವರೆಗೆ, ಎರಡು ಹೊಳೆಗಳ ನಡುವಿನ ಈ ದೋಆಬು ಇಂಗ್ಲಿಷರ ಕೈಗೆ ಹೋಗಿ ನಿಜಾಮನಿಗೆ ಮರಳಿತ್ತು. ದೊರೆಗಳು ಬಂದರು, ಹೋದರು. ಅವನು ತನ್ನ ಹೊಲದ ಬದುವಿನಿಂದ ಕದಲಲಿಲ್ಲ. ಅವನ ಪೌರತ್ವದ ಆಧಾರ ಅವನು ಇಲ್ಲೇ ಹುಟ್ಟಿ ಇಲ್ಲೇ ಬಾಳಿದ್ದು. ಹೊರಗಿನಿಂದ ಬಂದದ್ದು ನಮ್ಮದಾಗುವ ಬಗೆಗೆ ಮಸ್ಕಿಯ ಬಂಡೆಯನ್ನೇ ನೋಡಿ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡ ಆ ಶಾಸನದಿಂದ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ಗೊತ್ತಾಯಿತು. ಪಾಟಲಿಪುತ್ರದ ದೊರೆ, ಇಲ್ಲಿಯವರ ಮಾತಲ್ಲದ ಪ್ರಾಕೃತದಲ್ಲಿ, ಧರ್ಮದ ದಾರಿ ಸಣ್ಣವರಿಗೂ ತೆರೆದಿದೆ, ದೊಡ್ಡವರಿಗೆ ಮಾತ್ರವಲ್ಲ ಎಂದು ಈ ಕಲ್ಲಿನ ಮೇಲೆ ಬರೆಸಿದ. ದೂರದಿಂದ ಬಂದ ಮಾತು ಈಗ ನಮ್ಮ ಸೀಮೆಯ ಹೆಮ್ಮೆ.

ಪೌರತ್ವದ ಅನುಮಾನ ಬಂಗಾಳಿ ಕ್ಯಾಂಪಿಗೆ ಮಾತ್ರ ಸೇರಿದ್ದು ಎಂದು ಯಾರಾದರೂ ತಿಳಿದಿದ್ದರೆ, 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆಯ ಕರಿಯಮ್ಮನ ಅಗ್ರಹಾರದಲ್ಲಿ ನಡೆದದ್ದನ್ನು ನೆನೆಯಲಿ. ಅಕ್ರಮ ಬಾಂಗ್ಲಾದೇಶಿಗಳಿದ್ದಾರೆ ಎಂದು ಹೇಳಿ ಕೂಲಿಕಾರರ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾ, ಬಂಗಾಳದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಹೋದವರೂ ಇದ್ದರು. ಅದೇ ವರ್ಷದ ಫೆಬ್ರವರಿಯಲ್ಲಿ ಹೈಕೋರ್ಟು ಆ ಕೆಡವುವಿಕೆ ಕಾನೂನುಬಾಹಿರ ಎಂದಿತು, ಎಲ್ಲರಿಗೂ ಒಂದೇ ಹಣೆಪಟ್ಟಿ ಹಚ್ಚಿದ್ದನ್ನು ಒಪ್ಪಲಿಲ್ಲ. ಮಸ್ಕಿ, ಲಿಂಗಸುಗೂರಿನ ತಾಂಡಾಗಳಿಂದ ಪ್ರತಿ ವರ್ಷ ಗುಳೆ ಹೋಗುವವರಿಗೆ ಈ ಭಯದ ರುಚಿ ಗೊತ್ತು. ಬಡವರ ಕೈಯಲ್ಲಿ ಕಾಗದ ಯಾವಾಗಲೂ ಕಡಿಮೆ.

2019ರ ತಿದ್ದುಪಡಿ ಕಾಯ್ದೆ ಕಾಲವನ್ನು ಹಕ್ಕೆಂದು ಒಪ್ಪಿಕೊಂಡಿತು. ಕೆಲವು ನೆರೆದೇಶಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದವರಿಗೆ, ಐದು ವರ್ಷ ಇದ್ದವರಿಗೆ ಅದು ಬಾಗಿಲು ತೆರೆಯಿತು. ಆದರೆ ಬಾಗಿಲಿಗೆ ಧರ್ಮದ ಹೊಸ್ತಿಲು ಇಟ್ಟಿತು. ಹಿಂದು, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಐದು ವರ್ಷ ಸಾಕು, ಕಾಗದವಿಲ್ಲದೆ ಬಂದ ಮುಸ್ಲಿಮರಿಗೆ ಐವತ್ತು ವರ್ಷವೂ ಸಾಲದು. ಕಾಲ ಎಲ್ಲರ ಮೇಲೂ ಒಂದೇ ವೇಗದಲ್ಲಿ ಸರಿಯುತ್ತದೆ. ಹಿಂಸೆಗೆ ಹೆದರಿ ಬಂದವರಿಗೆ ಬೇಗ ಆಸರೆ ಕೊಡಬೇಕೆಂಬ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಇಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ಮುದುಕನಾದವನನ್ನು ಅಳೆಯುವಾಗ ಅವನ ದೇವರನ್ನು ಕೇಳುವುದು ತಪ್ಪು ಅಳತೆ. ಅಸ್ಸಾಮಿನ ಜನ ತಮ್ಮ ಭಾಷೆ, ಭೂಮಿಯ ಬಗ್ಗೆ ಪಡುವ ಆತಂಕವೂ ನಿಜ. ಅದಕ್ಕೆ ಉತ್ತರ ಗಡಿಯ ಕಾವಲು, ಒಳಗೆ ಬರುವ ದಿನದ ವಿಚಾರಣೆ. ಬಂದು ಎರಡು ತಲೆಮಾರು ಕಳೆದ ಮೇಲೆ ಮನೆಯೊಳಗಿನ ಹುಡುಕಾಟ ಅದಕ್ಕೆ ಉತ್ತರವಲ್ಲ. ಅಲ್ಲಿಯ ಪೌರರ ಪಟ್ಟಿ 2019ರ ಆಗಸ್ಟ್ 31ರಂದು ಹೊರಬಂದಾಗ 19 ಲಕ್ಷಕ್ಕೂ ಹೆಚ್ಚು ಮಂದಿ ಅದರ ಹೊರಗಿದ್ದರು. ಅವರಲ್ಲಿ ಹಿಂದುಗಳೂ ಇದ್ದರು, ಮುಸ್ಲಿಮರೂ ಇದ್ದರು.

ಇನ್ನೊಂದು ವಿಷಯ ಚಿಕ್ಕದಾಗಿ. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಪೌರತ್ವ ಸಿಕ್ಕರೂ ಸಮಾನತೆ ಸಿಕ್ಕಂತಾಗುವುದಿಲ್ಲ. ಅದು ಇನ್ನೊಂದು ಉಪನ್ಯಾಸಕ್ಕೆ ಆಗುವಷ್ಟು ದೊಡ್ಡ ವಿಷಯ.

ಈ ಸಭೆಯಲ್ಲಿ ಶಿಕ್ಷಕರಿದ್ದೀರಿ, ಎಳೆಯ ವಕೀಲರಿದ್ದೀರಿ, ಗ್ರಾಮ ಪಂಚಾಯಿತಿಯವರಿದ್ದೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಕ್ಯಾಂಪಿನ ಶಾಲೆಗಳಲ್ಲಿ ಹಳೆಯ ದಾಖಲಾತಿ ರಿಜಿಸ್ಟರುಗಳಿವೆ. ಕೆಲವಕ್ಕೆ ಗೆದ್ದಲು ಹಿಡಿದಿರಬಹುದು, ಮಸಿ ಮಾಸಿರಬಹುದು. 1987ರ ಜುಲೈ 1ಕ್ಕಿಂತ ಮುಂಚೆ ಇಲ್ಲಿ ಹುಟ್ಟಿದ ಮಕ್ಕಳ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಅವುಗಳಲ್ಲಿವೆ. ಆಸ್ಪತ್ರೆಯ ಕಾಗದವಿಲ್ಲದೆ ಮನೆಯಲ್ಲೇ ಹೆತ್ತ ತಾಯಂದಿರ ಮಕ್ಕಳಿಗೆ ಆ ಒಂದು ಸಾಲೇ ದೊಡ್ಡ ಸಾಕ್ಷ್ಯ. ಆ ರಿಜಿಸ್ಟರುಗಳನ್ನು ಹುಡುಕಿ ತೆಗೆಯಿರಿ, ಒಣಗಿಸಿ, ನಕಲು ಮಾಡಿಸಿ, ದೃಢೀಕರಿಸಿ, ಆ ಮಕ್ಕಳ ಕೈಗೆ ಕೊಡಿ. ಕ್ಯಾಂಪಿನಿಂದ ಯಾರಾದರೂ ಪೌರತ್ವದ ಅರ್ಜಿ ಹಿಡಿದು ನಿಮ್ಮ ಬಳಿ ಬಂದರೆ, ಪೆನ್ನು ತೆಗೆಯುವ ಮುಂಚೆ ಅವರು ಹುಟ್ಟಿದ ವರ್ಷ ಮತ್ತು ಹುಟ್ಟಿದ ಜಾಗ ಕೇಳಿ.